ಬೆನ್ನಿಗೆ ಸರಿಸಿದ ಕರಡಿಗೆ

ಅಥವಾ ಆ ರಕ್ತ ಮೀನಿನದ್ದೇ ಇದ್ದಿರಬಹುದು. ಮೇಡಂ ಅಂದ ಕೂಡಲೇ ನನಗೆ ಕಾಣುವುದು ಮೊಣಕೈವರೆಗೆ ಕೆಂಪಾದ ಎರಡು ಕೈಗಳು. ಅವು ಮೊದಲ ದಿನದ ಕೈಗಳೋ ಕೊನೆಯ ದಿನದ ಕೈಗಳೋ ಹೇಳಲಾರೆ. ಮೊದಲ ದಿನ ಅವರು ನಮ್ಮ ಕಣ್ಣೆದುರು ಒಂದು ಕೊರಮೀನನ್ನು ಬಡಿದು ಕೊಂದರು. ಕೊನೆಯ ದಿನ ಅವರ ಅಂಗೈಯಲ್ಲಿ ಗಾಜು ಚುಚ್ಚಿಕೊಂಡಿತ್ತು. ನಡುವೆ ಹೆಚ್ಚುಕಡಿಮೆ ಒಂದು ವರ್ಷ ಇತ್ತು. ನನ್ನ ನೆನಪು ಆ ವರ್ಷವನ್ನು ಬಟ್ಟೆಯ ಹಾಗೆ ಮಡಚಿ ಎರಡು ದಿನಗಳನ್ನು ಒಂದರ ಮೇಲೊಂದು ಇಟ್ಟುಬಿಟ್ಟಿದೆ. ಒಂದರ ಕಲೆ ಇನ್ನೊಂದಕ್ಕೆ ಹತ್ತಿದೆ.

ಹೋದ ತಿಂಗಳು ಬಸು ಫೋನು ಮಾಡಿ, ಮೇಡಂ ಹೋದರು ಅಂದ. ಬಸು ಎಮ್ಮಿಗನೂರಿನವನು, ನನ್ನ ಸಹಪಾಠಿ, ಈಗ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಯಾವ ಮೇಡಂ ಎಂದು ನಾನು ಕೇಳಲಿಲ್ಲ. ನಮ್ಮಿಬ್ಬರಿಗೆ ಇದ್ದದ್ದು ಒಬ್ಬರೇ. ಹೆಸರು ಬರೆಯುವುದಿಲ್ಲ. ಬರೆದರೆ ಎದ್ದು ಬಂದು ಕಪಾಳಕ್ಕೆ ಕೊಟ್ಟಾರು ಎಂಬ ಅಂಜಿಕೆ ಈಗಲೂ ಇದೆ.

ಅವರು ಹೊಸಪೇಟೆಯ ಕಾಲೇಜಿನಲ್ಲಿ ನಮಗೆ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ಊರು ಕಂಪ್ಲಿ. ಮನೆತನದ್ದು ಅಕ್ಕಿ ಗಿರಣಿ. ಲಿಂಗ ಕಟ್ಟಿಕೊಂಡ ಮನೆ, ಮೊಟ್ಟೆ ಕೂಡ ಹೊಸ್ತಿಲು ದಾಟದ ಮನೆ. ಅಂಥ ಮನೆಯ ಮಗಳು ಮದುವೆ ಬೇಡವೆಂದು ಮೀನು ಕೊಯ್ಯುವ ಕೆಲಸಕ್ಕೆ ಸೇರಿದಾಗ ಅಪ್ಪ ಊಟದ ತಟ್ಟೆ ಎಸೆದರಂತೆ, ಇವರು ತಿರುಗಿ ಚೊಂಬು ಎಸೆದರಂತೆ. ಅಪ್ಪನ ಹಣೆಯಲ್ಲಿ ಗುರುತು ಕಡೆತನಕ ಉಳಿದಿತ್ತು ಎಂದು ಬಸು ಆಣೆ ಮಾಡಿ ಹೇಳುತ್ತಾನೆ. ಬಸು ಆ ಅಪ್ಪನನ್ನು ಎಂದೂ ನೋಡಿದವನಲ್ಲ.

ಮೊದಲ ಪ್ರಾಯೋಗಿಕ ತರಗತಿಯನ್ನು ಮಾತ್ರ ನಾನು ನೋಡಿದ್ದೇನೆ. ಬಕೆಟ್ಟಿನಲ್ಲಿ ಡ್ಯಾಮಿನ ಹಿನ್ನೀರಿನಿಂದ ತಂದ ಕೊರಮೀನು ಜೀವಂತ ಸುತ್ತುತ್ತಿತ್ತು. ಮೇಡಂ ಸೆರಗಿನೊಳಗೆ ಕೈ ಹಾಕಿದರು. ಎದೆಯ ಮೇಲೆ ದಾರದಲ್ಲಿ ತೂಗುತ್ತಿದ್ದ ಬೆಳ್ಳಿಯ ಕರಡಿಗೆಯನ್ನು, ಅಂದರೆ ಲಿಂಗ ಇಟ್ಟುಕೊಳ್ಳುವ ಪುಟ್ಟ ಸಂಪುಟವನ್ನು, ಭುಜದ ಮೇಲಿಂದ ಬೆನ್ನಿಗೆ ಸರಿಸಿದರು. "ನೀ ಸ್ವಲ್ಪ ಹಿಂದಕ್ಕಿರಪ್ಪ, ನೋಡಬ್ಯಾಡ," ಅಂದರು. ಮನೆಯ ಹಿರಿಯರನ್ನು ಬದಿಗೆ ಕೂರಿಸುವ ಧ್ವನಿ ಅದು. ಆಮೇಲೆ ಮೀನಿನ ಬಾಲ ಹಿಡಿದೆತ್ತಿ ತಲೆಯನ್ನು ಕಡಪಾ ಕಲ್ಲಿನ ಮೇಜಿಗೆ ಬಡಿದರು. ಒಂದೇ ಏಟಿಗೆ ಸಾಯಲಿಲ್ಲ. ಮತ್ತೆ ಬಡಿದರು. ಮೀನಿನ ಕಣ್ಣೊಂದು ಹೊರಗೆ ಬಂತು. ಬಸು ಓಡಿಹೋಗಿ ನಳದ ಕೆಳಗೆ ವಾಂತಿ ಮಾಡಿಕೊಂಡ. ಅವನ ಕತ್ತನ್ನು ಹಿಂದಿನಿಂದ ಹಿಡಿದು ವಾಪಸ್ಸು ತಂದು ನಿಲ್ಲಿಸಿ ಕೇಳಿದರು:

"ಸಾಯ್ಸೋದು ನೋಡಾಕ ಆಗಂಗಿಲ್ಲ ಅಂದ್ರ, ಸತ್ತದ್ದು ಯಾಕ ಸತ್ತೈತಿ ಅಂತ ಹೆಂಗ ಹೇಳ್ತೀಲೇ?"

ತರಗತಿ ಮುಗಿದ ಮೇಲೆ ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡರು. ಕರಡಿಗೆಯನ್ನು ಮತ್ತೆ ಎದೆಗೆ ತಂದುಕೊಂಡರು. ಆಮೇಲೆಯೇ ನೀರು ಕುಡಿದರು. ಆ ವರ್ಷವಿಡೀ ಈ ಕ್ರಮ ತಪ್ಪಿದ್ದನ್ನು ನಾನು ಒಮ್ಮೆ ಮಾತ್ರ ಕಂಡೆ. ಕತ್ತರಿ, ಕೊಲೆ, ರಕ್ತ, ಮಾಂಸ ಏನೇ ಇದ್ದರೂ ಮೊದಲು ಕರಡಿಗೆ ಬೆನ್ನಿಗೆ. ಕ್ಲಾಸಿನಲ್ಲಿ ಯಾರಿಗಾದರೂ ಹೊಡೆಯುವ ಮುಂಚೆಯೂ ಬೆನ್ನಿಗೆ. ಅವರ ಕೈ ಭುಜದ ಕಡೆ ಹೋದರೆ ನಾವು ಬೆಂಚಿನಡಿ ಬಗ್ಗುತ್ತಿದ್ದೆವು. ಹಾರಿ ಬರುವ ಡಸ್ಟರು ಹಿಂದಿನ ಗೋಡೆಗೆ ಬಡಿದು ಸುಣ್ಣ ಉದುರಿಸುತ್ತಿತ್ತು.

ಹೊಡೆದವರನ್ನೇ ಆಮೇಲೆ ಕರೆದು ಮಂಡಕ್ಕಿ ಮಿರ್ಚಿ ತಿನ್ನಿಸುತ್ತಿದ್ದರು. ಕ್ಷಮೆ ಕೇಳುತ್ತಿರಲಿಲ್ಲ. "ತಿನ್ನಲೇ, ಮಾರಿ ಏನ್ ನೋಡ್ತಿ," ಅನ್ನುತ್ತಿದ್ದರು.

ಗಣಿಯ ಹುಚ್ಚು ನೆತ್ತಿಗೇರಿದ್ದ ವರ್ಷಗಳು ಅವು. ಸಂಡೂರಿನ ಗುಡ್ಡಗಳು ಲಾರಿಗಳಲ್ಲಿ ಕೂತು ಊರು ಬಿಟ್ಟು ಹೋಗುತ್ತಿದ್ದವು. ರಸ್ತೆ ದಾಟಲು ಹೋದ ದನ, ನಾಯಿ, ಮನುಷ್ಯರು ರಸ್ತೆಗೇ ಅಂಟಿಕೊಳ್ಳುತ್ತಿದ್ದರು. ನನ್ನ ಊರು ಬಂಡ್ರಿ. ನಮ್ಮಣ್ಣ ಸಾಲದ ಮೇಲೆ ಒಂದು ಲಾರಿ ತೆಗೆದುಕೊಂಡು ಅದಿರು ಹೊಡೆಯುತ್ತಿದ್ದ. ಮನೆಗೆ ಬಂದಾಗ ಅವನ ಕಣ್ಣಿನ ಬಿಳಿಯೂ ಕೆಂಪಾಗಿರುತ್ತಿತ್ತು, ಧೂಳಿನಿಂದಲೋ ನಿದ್ದೆಗೆಟ್ಟೋ ಗೊತ್ತಾಗುತ್ತಿರಲಿಲ್ಲ.

ಲಾರಿಯೊಂದರ ಗಾಜನ್ನು ಮೇಡಂ ಒಡೆದ ಕತೆ ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಕಡ್ಡಿರಾಂಪುರದ ಹತ್ತಿರ ಒಂದು ಅದಿರು ಲಾರಿ ಸೈಕಲ್ಲಿನವನೊಬ್ಬನನ್ನು ಗಟಾರಕ್ಕೆ ನೂಕಿ ನಿಲ್ಲಿಸದೆ ಹೋಯಿತು. ಹಿಂದೆ ಮೊಪೆಡ್ಡಿನಲ್ಲಿ ಬರುತ್ತಿದ್ದ ಮೇಡಂ ಅದನ್ನು ಅಟ್ಟಿಸಿಕೊಂಡು ಹೋದರು. ರೈಲ್ವೆ ಗೇಟಿನ ಬಳಿ ಲಾರಿ ನಿಂತಾಗ ಕಲ್ಲೆತ್ತಿ ಮುಂದಿನ ಗಾಜಿಗೆ ಹಾಕಿದರು. ಡ್ರೈವರನನ್ನು ಕೆಳಗೆಳೆದು ಎರಡು ಬಿಟ್ಟರು. ಅವನು ಹೊಡೆಸಿಕೊಳ್ಳುತ್ತಲೇ ನಿಂತಲ್ಲೇ ತೂಕಡಿಸಿದನಂತೆ. ಆಗ ಅವನನ್ನು ನೆರಳಿಗೆ ಕೂರಿಸಿ ತಲೆಗೆ ನೀರು ಹಾಕಿ, ಅವನು ಎಚ್ಚರಾಗುವವರೆಗೆ ಪಕ್ಕದಲ್ಲೇ ಕೂತರಂತೆ. ನಾನು ಆ ದಿನ ಮೊಪೆಡ್ಡಿನ ಹಿಂದೆ ಕೂತಿದ್ದೆ ಎಂದು ಬಹಳ ವರ್ಷ ಹೇಳಿಕೊಂಡು ತಿರುಗಿದ್ದೇನೆ. ಗಾಜು ಪುಡಿಯಾಗಿ ಉದುರುವ ಸದ್ದು ಈಗಲೂ ಕಿವಿಯಲ್ಲಿದೆ. ಆದರೆ ಕೂತವನು ನಾನೆಂದು ಬಸು ಒಪ್ಪುವುದಿಲ್ಲ, ಕೂತವನು ತಾನೇ ಅನ್ನುತ್ತಾನೆ.

ಮೇಡಂ ನಮಗೆ ಕಲಿಸಿದ ಆ ವರ್ಷವೇ ನಮ್ಮ ಕೊನೆಯ ವರ್ಷ, ಒಂದು ಸಂಶೋಧನೆಯ ಕೆಲಸ ಇತ್ತು. ಹಿಂದಿನವರೆಲ್ಲ ಕಾಲುವೆಯ ಸೊಳ್ಳೆ ಹುಳು, ಕೆರೆಯ ಕಪ್ಪೆ ಎಂದು ಮುಗಿಸುತ್ತಿದ್ದರು. ಮೇಡಂ ನನ್ನ ಕಡೆ ತಿರುಗಿ, ನಿಮ್ಮಣ್ಣನ ಗಾಡಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರು. ಕರಾವಳಿಯ ಬಂದರಿಗೆ, ಅಲ್ಲಿಂದ ಹಡಗಿನಲ್ಲಿ ಪರದೇಶಕ್ಕೆ, ಅಂದೆ. ಆ ಬಂದರಿನ ನೀರಿನಲ್ಲಿ ಏನೇನು ಬದುಕಿರುತ್ತವೆ ಎಂದು ಕೇಳಿದರು. ನಾನು ಸಮುದ್ರವನ್ನೇ ನೋಡಿರಲಿಲ್ಲ.

"ಹಂಗಾರ ಹೋಗಿ ನೋಡೂಣು ನಡಿ. ಗುಡ್ಡ ನಮ್ದು. ಅದು ಯಾರ ಮನಿ ಮುರೀತೈತಿ ಅಂತ ನಮಗ ಗೊತ್ತಿರಬೇಕಲ್ಲ," ಅಂದರು.

ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಅದಿರಿನ ರಾಶಿಗಳ ಪಕ್ಕದ ನೀರು, ಕೆಸರು, ಬಳಚು ಎನ್ನುವ ಚಿಪ್ಪುಜೀವಿ, ಇವನ್ನು ಬಾಟಲಿಗಳಲ್ಲಿ ತುಂಬಿ ತರಬೇಕು. ಅವುಗಳಲ್ಲಿ ಕಬ್ಬಿಣ ಎಷ್ಟಿದೆ ಎಂದು ಧಾರವಾಡದ ಪ್ರಯೋಗಾಲಯಕ್ಕೆ ಕಳಿಸಿ ತಿಳಿಯಬೇಕು. ಬಾಟಲಿ ತೊಳೆಯುವುದೇ ಒಂದು ವ್ರತವಾಯಿತು. ಆಮ್ಲದಲ್ಲಿ ತೊಳೆದು, ಭಟ್ಟಿ ಇಳಿಸಿದ ನೀರಿನಲ್ಲಿ ಮತ್ತೆ ಮತ್ತೆ ಜಾಲಿಸಬೇಕು. ಬೆರಳಿನ ಗುರುತು ಕಂಡರೆ ಆ ಬೆರಳಿಗೆ ಸ್ಕೇಲಿನ ಏಟು. ತೊಳೆದ ಬಾಟಲಿಗಳನ್ನು ಒಣಗಿಸಲು ಲ್ಯಾಬಿನಲ್ಲಿ ಒಲೆಯಂಥ ಒಂದು ಪೆಟ್ಟಿಗೆ ಇತ್ತು. ಮೇಡಂ ಅದನ್ನು ನಂಬುತ್ತಿರಲಿಲ್ಲ. ಗಿರಣಿ ಮನೆಯವರಿಗೆ ಬಿಸಿಲೇ ಕಡೆಯ ಮಾತು. ಕುದಿಸಿದ ಭತ್ತವನ್ನು ಅಂಗಳದಲ್ಲಿ ಹರವಿ ಒಣಗಿಸಿದ ಹಾಗೆ, ಕಾಲೇಜಿನ ತಾರಸಿಯ ಮೇಲೆ ಬಿಳಿ ಬಟ್ಟೆ ಹಾಸಿ, ಬಾಟಲಿಗಳನ್ನು ಬಾಯಿ ಮೇಲೆ ಮಾಡಿ ಸಾಲಾಗಿ ನಿಲ್ಲಿಸಿದೆವು. ಸಂಜೆ ಮೇಡಂ ತಾವೇ ಮುಚ್ಚಳ ಹಾಕಿದರು. ಒಂದು ಬಾಟಲಿಯನ್ನು ಬಿಸಿಲಿಗೆ ಹಿಡಿದು, ಇಷ್ಟು ಸ್ವಚ್ಛ ನಮ್ಮ ಮನಿ ದೇವರ ತಂಬಿಗಿನೂ ಇಲ್ಲ ಎಂದು ನಕ್ಕರು. ಅವರು ನಕ್ಕದ್ದು ಅಪರೂಪ, ಅದಕ್ಕೇ ನೆನಪಿದೆ.

ಮೇಡಂ, ಬಸು, ನಾನು ಬಸ್ಸಿನಲ್ಲಿ ಹುಬ್ಬಳ್ಳಿ ದಾಟಿ ಘಟ್ಟ ಇಳಿದೆವು. ದಾರಿಯುದ್ದಕ್ಕೂ ನಮ್ಮ ಲಾರಿಗಳೇ. ಅಳಿವೆಯ ದಂಡೆಯಲ್ಲಿ ಅದಿರಿನ ರಾಶಿಗಳು ನಿಂತಿದ್ದವು. ಸಂಡೂರಿನ ಗುಡ್ಡವನ್ನು ತುಂಡು ಮಾಡಿ ತಂದು ಸುರಿದ ಹಾಗೆ. ರಾಶಿಯ ಬುಡದಿಂದ ನೀರಿಗೆ ಕೆಂಪು ಇಳಿಯುತ್ತಿತ್ತು. ನೀರು ಇಳಿದ ಹೊತ್ತು. ಹೆಂಗಸರು ಮೊಣಕಾಲುದ್ದ ಕೆಸರಿನಲ್ಲಿ ನಿಂತು ಬಳಚು ಹೆಕ್ಕುತ್ತಿದ್ದರು. ನಮ್ಮ ಕೈಯಲ್ಲಿ ಬಾಟಲಿ, ಟೇಪು, ಬಲೆ ಕಂಡು, ನಮ್ಮನ್ನು ಬಂದರಿನ ಕಂಪನಿಯವರೆಂದು ತಿಳಿದರು. ಅದಕ್ಕೆ ಹಿಂದಿನ ವಾರವೇ ಕಂಪನಿಯ ಕಾವಲಿನವರು ಅಲ್ಲಿಯ ಒಬ್ಬ ಮೀನುಗಾರನ ಕೈ ಮುರಿದಿದ್ದರು ಎಂದು ಆಮೇಲೆ ಗೊತ್ತಾಯಿತು.

ಮೊದಲು ಒಂದು ಮುದ್ದೆ ಕೆಸರು ಬಂದು ಬಸುವಿನ ಕಿವಿಗೆ ಬಡಿಯಿತು. ಆಮೇಲೆ ಚಿಪ್ಪುಗಳು. ಒಬ್ಬ ಮುದುಕಿ ನನ್ನ ಅಂಗಿ ಹಿಡಿದು ಎಳೆದಳು. ಅಂಗಿ ಹರಿಯಿತು, ಚಿಪ್ಪಿನ ಅಂಚು ಎದೆಗೆ ಗೀರಿತು. ನಾನು ಕೆಸರಿಗೆ ಬಿದ್ದೆ. ಮೇಲಿನಿಂದ ಯಾರೋ ತುಳಿದರು. ಮೇಡಂ ನಡುವೆ ನುಗ್ಗಿದಾಗ ಕೆಸರಿನ ದೊಡ್ಡ ಮುದ್ದೆ ಅವರ ಎದೆಗೇ ಬಿತ್ತು. ಕರಡಿಗೆ ಎದೆಯ ಮೇಲೇ ಇತ್ತು. ಸರಿಸಿಕೊಳ್ಳಲು ಪುರಸೊತ್ತು ಸಿಕ್ಕಿರಲಿಲ್ಲ. ಬೆಳ್ಳಿಯ ಮೇಲೆ ಕೆಂಪು ಕೆಸರು ಇಳಿಯುತ್ತಿತ್ತು. ಈಗ ಕೊಲೆಯೇ ಆಗುತ್ತದೆ ಅಂದುಕೊಂಡೆವು. ಅವರು ಕೈ ಎತ್ತಲಿಲ್ಲ.

"ಇದು ನಮ್ಮೂರ ಮಣ್ಣು. ನಮ್ಮ ಮ್ಯಾಲೇ ಬೀಳಬೇಕು. ಹಾಕ್ರಿ," ಅಂದರು.

ಹೀಗೆ ಅಂದರು ಎಂದು ಬರೆದು ನೋಡಿದರೆ ಅನುಮಾನ ಬರುತ್ತದೆ. ಮೇಡಂ ಇಷ್ಟು ಚೆನ್ನಾಗಿ ಮಾತಾಡುತ್ತಿರಲಿಲ್ಲ. ಹಾಕ್ರಿ ಎಂದಷ್ಟೇ ಅಂದಿರಬೇಕು. ಉಳಿದದ್ದನ್ನು ನಾನು ವರ್ಷಗಳಲ್ಲಿ ಸೇರಿಸಿರಬೇಕು. ಅಂತೂ ಹೆಂಗಸರ ಕೈಗಳು ನಿಂತವು. ಯಾರು ನೀವು, ಎಲ್ಲಿಯವರು ಎಂದು ಮುದುಕಿ ವಿಚಾರಿಸಿದಳು. ಹೊಸಪೇಟೆ ಅಂದಾಗ ಉಗುಳಿದಳು. ಆಮೇಲೆ ಒಂದು ಬಳಚು ಬಿಚ್ಚಿ ಮೇಡಂ ಮುಂದೆ ಹಿಡಿದಳು. ಒಳಗಿನ ಅಂಚೆಲ್ಲ ತುಕ್ಕಿನ ಬಣ್ಣ.

"ಮೊದಲು ಹಿಂಗಿರ್ಲಿಲ್ಲ ಅಮ್ಮಾ. ಈಗ ಪ್ಯಾಟೇಲಿ ಯಾರೂ ಮುಟ್ಟೂದಿಲ್ಲ. ರಾಶಿ ತೆಗೀರಿ ಅಂದ್ರೆ ಕಾಗದ ಕೇಳ್ತ್ರು. ನಮ್ಮ ಹತ್ರ ಎಂಥಾ ಕಾಗದ ಉಂಟು?"

ಮಳೆಗಾಲದ ಮುಂಚೆ ಅಲ್ಲಿ ಅಧಿಕಾರಿಗಳ ಮುಂದೆ ಒಂದು ವಿಚಾರಣೆ ಇತ್ತು. ರಾಶಿಯಿಂದಲೇ ಬಳಚು ಕೆಟ್ಟಿದೆ ಎಂದು ತೋರಿಸಿದರೆ ರಾಶಿಗಳನ್ನು ದಂಡೆಯಿಂದ ಸರಿಸಬೇಕು. ತೋರಿಸದಿದ್ದರೆ ಇನ್ನೂ ಒಂದು ರಾಶಿಗೆ ಜಾಗ ಕೊಡುತ್ತಾರೆ, ಬಳಚಿನ ದಿಬ್ಬ ಮುಚ್ಚಿಹೋಗುತ್ತದೆ. ಮೇಡಂ ಮುದುಕಿಯ ಕೈ ಹಿಡಿದು, ಕಾಗದ ನಾ ಕೊಡ್ತೀನಿ ಅಂದರು. ಈ ಮಾತನ್ನು ನಾನೂ ಬಸುವೂ ಇಬ್ಬರೂ ಕೇಳಿದೆವು. ಇದರಲ್ಲಿ ನನಗೆ ಸಂಶಯವಿಲ್ಲ.

ಬಾಟಲಿಗಳನ್ನು ತುಂಬಿದೆವು. ಬಳಚಿನ ಮಾಂಸ ಬಿಡಿಸುವಾಗ ಮೇಡಂ ಕೆಸರು ಮೆತ್ತಿದ ಕರಡಿಗೆಯನ್ನು ಹಾಗೇ ಬೆನ್ನಿಗೆ ಸರಿಸಿದರು.

ಊರಿಗೆ ಬಂದ ಮೇಲೆ ಹೊಡೆತ ನನ್ನ ಪಾಲಿಗೆ ಬಂತು. ನಾವು ಹೋಗಿಬಂದ ಸುದ್ದಿ ಲಾರಿಗಳ ಜೊತೆಯೇ ಬಂಡ್ರಿ ಮುಟ್ಟಿತ್ತು. ಅಣ್ಣ ಇಂಜಿನಿನ ಹಳೆಯ ಬೆಲ್ಟು ತೆಗೆದುಕೊಂಡು ಅಂಗಳದಲ್ಲೇ ಬಾರಿಸಿದ. ಅವ್ವ ಅಡ್ಡ ಬಂದಾಗ ಅವಳ ಕೈಗೂ ಬಿತ್ತು. ಬೆನ್ನಿನ ಬರೆಯನ್ನು ಮೇಡಂ ನೋಡಿದರು. ಮೊಪೆಡ್ಡು ಹತ್ತಿ ನೇರ ಬಂಡ್ರಿಗೆ ಹೋಗಿ ಅಣ್ಣನ ಕಪಾಳಕ್ಕೆ ಬಿಟ್ಟು ಬಂದರು. ಅಣ್ಣ ತಿರುಗಿ ಹೊಡೆಯಲಿಲ್ಲ.

"ನಿಮ್ಮ ಮೇಡಂ ಕೈ ಭಾಳ ಜಡ ಐತೆಲೇ," ಎಂದ ನನಗೆ, ಕೆನ್ನೆ ಸವರಿಕೊಳ್ಳುತ್ತ. ಅದರಲ್ಲಿ ಮೆಚ್ಚಿಗೆಯೂ ಇತ್ತು.

ತಂದ ಬಾಟಲಿಗಳಲ್ಲಿ ಅರ್ಧವನ್ನು ಧಾರವಾಡಕ್ಕೆ ಕಳಿಸಿ ಅರ್ಧವನ್ನು ಲ್ಯಾಬಿನ ಬೀರುವಿನಲ್ಲಿ ಇಟ್ಟಿದ್ದೆವು. ವಿಚಾರಣೆಯಲ್ಲಿ ಅನುಮಾನ ಬಂದರೆ ಅಧಿಕಾರಿಗಳು ಅವನ್ನು ಮತ್ತೆ ಪರೀಕ್ಷಿಸಬಹುದು ಎಂದು. ಧಾರವಾಡದ ಫಲಿತಾಂಶ ಬಂತು. ಕಬ್ಬಿಣ ನಾವು ಊಹಿಸಿದ್ದಕ್ಕಿಂತ ಹೆಚ್ಚಿತ್ತು. ಮೇಡಂ ಖುಷಿಯಿಂದ ಬಸುವಿನ ಬೆನ್ನಿಗೆ ಗುದ್ದಿದರು, ಅವನು ಕುಡಿಯುತ್ತಿದ್ದ ಚಹಾ ಮೂಗಿನಿಂದ ಬಂತು.

ಹಾಳೆಯ ಕೊನೆಗೆ ಇನ್ನೊಂದು ಸಾಲಿತ್ತು. ಇಂಥ ಕೆಲಸದಲ್ಲಿ ಒಂದು ಬಾಟಲಿಗೆ ಬರೀ ಭಟ್ಟಿ ಇಳಿಸಿದ ನೀರು ತುಂಬಿ, ಖಾಲಿ ಬಾಟಲಿ ಎಂದು ಹೆಸರಿಟ್ಟು ಕಳಿಸುವುದು ರೂಢಿ. ಅದರಲ್ಲಿ ಏನೂ ಸಿಗಬಾರದು. ಸಿಕ್ಕರೆ ತಪ್ಪು ಬಾಟಲಿಯಲ್ಲೇ ಇದೆ ಎಂದು ಅರ್ಥ. ನಮ್ಮ ಆ ಬಾಟಲಿಯಲ್ಲೂ ಕಬ್ಬಿಣ ಸಿಕ್ಕಿತ್ತು.

ಮೇಡಂ ಆ ಸಾಲನ್ನು ಓದಿ ಹಾಳೆ ಮೇಜಿನ ಮೇಲಿಟ್ಟು ತಾರಸಿಗೆ ಹೋದರು. ನಾವು ಹಿಂದೆ ಹೋದೆವು. ಮೂಲೆಯಲ್ಲಿ ಬಿಳಿ ಬಟ್ಟೆ ಹಾಗೇ ಬಿದ್ದಿತ್ತು, ಗೋರಂಟಿ ಬಣ್ಣಕ್ಕೆ ತಿರುಗಿತ್ತು. ಹೊಸಪೇಟೆಯಲ್ಲಿ ಬೆಳಿಗ್ಗೆ ಒಣಹಾಕಿದ ಬನಿಯನ್ ಸಂಜೆ ಅದಿರಿನ ಧೂಳಿಗೆ ಕೆಂಪಾಗಿ ಕೈಗೆ ಬರುತ್ತದೆ ಎಂಬುದು ನಮಗೆಲ್ಲ ಗೊತ್ತಿತ್ತು. ದಿನಾ ಕಂಡದ್ದು ಆ ದಿನ ಕಾಣಲಿಲ್ಲ. ಬಾಯಿ ತೆರೆದು ನಿಂತ ಬಾಟಲಿಗಳೊಳಗೆ ಊರಿನ ಗಾಳಿ ದಿನವಿಡೀ ಇಳಿದಿತ್ತು. ಬಳಚಿನ ಕಬ್ಬಿಣದಲ್ಲಿ ಅಳಿವೆಯದ್ದೆಷ್ಟು, ಹೊಸಪೇಟೆಯದ್ದೆಷ್ಟು, ಇನ್ನು ಯಾರೂ ಬೇರೆ ಮಾಡಲಾರರು.

ಮೇಡಂ ಪ್ಯಾರಪೆಟ್ಟಿನ ಮೇಲೆ ಅಂಗೈ ಒರಸಿ ನೋಡಿಕೊಂಡರು. ಅದೇ ಅಂಗೈಯಿಂದ ತಮ್ಮ ಕೆನ್ನೆಗೆ ಹೊಡೆದುಕೊಂಡರು. ಮತ್ತೆ ಹೊಡೆದುಕೊಂಡರು. ಕೆನ್ನೆಯ ಮೇಲೆ ಬೆರಳುಗಳು ಕೆಂಪಾಗಿ ಮೂಡಿದವು. ಅದು ಧೂಳೋ ಏಟೋ ನನಗೆ ತಿಳಿಯಲಿಲ್ಲ.

"ನಮ್ಮ ಗಿರಣಿ ಅಂಗಳ ಅಂತ ತಿಳ್ಕೊಂಡ್ನಿ," ಅಂದರು.

ಮತ್ತೆ ಹೋಗಿ ತರೋಣವೆಂದರೆ ವಿಚಾರಣೆಗೆ ವಾರವಷ್ಟೇ ಉಳಿದಿತ್ತು, ಮಳೆ ಬಂದರೆ ಅಳಿವೆಯ ನೀರೇ ಬೇರೆಯಾಗುತ್ತದೆ. ಲ್ಯಾಬಿಗೆ ಇಳಿದ ಮೇಲೆ ಬಸು ಮೆಲ್ಲಗೆ, ಖಾಲಿ ಬಾಟಲಿಯ ಮಾತು ನಾವು ಮೂವರು ಬಿಟ್ಟರೆ ಯಾರಿಗೂ ಗೊತ್ತಿಲ್ಲ, ಮೇಲಿನ ಸಾಲುಗಳನ್ನಷ್ಟೇ ಕೊಟ್ಟರಾಯಿತು ಅಂದ. ಮೇಡಂ ಕೈ ಭುಜದ ಕಡೆ ಹೋಗಲಿಲ್ಲ, ಅದಕ್ಕೇ ಅವನು ಬಗ್ಗಲಿಲ್ಲ. ಕಪ್ಪೆ ಇಟ್ಟಿದ್ದ ಗಾಜಿನ ಜಾಡಿ ಅವನ ತಲೆಯ ಪಕ್ಕ ಹಾದು ಗೋಡೆಗೆ ಬಡಿಯಿತು. ಕಪ್ಪೆ ಕೆಡದಂತೆ ಹಾಕಿದ್ದ ಫಾರ್ಮಲಿನ್ ಕಣ್ಣಿಗೆ ಸಿಡಿದು ಬಸು ನೆಲದ ಮೇಲೆ ಹೊರಳಾಡಿದ. ಮೇಡಂ ಅವನ ತಲೆಯನ್ನು ನಳದ ಕೆಳಗೆ ಒತ್ತಿ ಹಿಡಿದು ಕಣ್ಣು ತೊಳೆದರು. ತೊಳೆಯುತ್ತ ಬೈಯುತ್ತಿದ್ದರು. ಬೈಯುತ್ತ ಅತ್ತರು. ಅಥವಾ ಅದು ಫಾರ್ಮಲಿನ್ನಿನ ನೀರು. ನಮ್ಮ ಮೂವರ ಕಣ್ಣಲ್ಲೂ ಬರುತ್ತಿತ್ತು.

ಅದೇ ವಾರ ಕಾಲೇಜಿನ ಆಡಳಿತ ಮಂಡಳಿಯ ಅಧ್ಯಕ್ಷರು ಬಂದರು. ಅವರಿಗೂ ಗಣಿ ಇತ್ತು. ಆಗ ಯಾರಿಗಿರಲಿಲ್ಲ? ಬಿಳಿ ಬಟ್ಟೆ, ಹಿಂದೆ ಇಬ್ಬರು ಗಟ್ಟಿ ಆಳುಗಳು. ನಾವು ಬಾಗಿಲಲ್ಲಿ ನಿಂತಿದ್ದೆವು. ಅಧ್ಯಕ್ಷರು ಬೀರುವಿನ ಕಡೆ ನೋಡಿ ಸಮಾಧಾನದಲ್ಲಿ ಹೇಳಿದರು:

"ಅಕ್ಕಾರ, ನೀವು ನಮ್ಮ ಮನಿತನದ ಪೈಕಿನ ಆಗ್ತೀರಿ. ಕಪ್ಪಿ ಕೊಯ್ಯೋದು ಕಲಸ್ರಿ, ಬ್ಯಾಡ ಅನ್ನಂಗಿಲ್ಲ. ಸಮುದ್ರ ಕೊಯ್ಯಾಕ ಹೋಗಬ್ಯಾಡ್ರಿ. ಗಾಜಿನ ಸಾಮಾನು, ಯಾವಾಗ ಏನಾಗ್ತೈತಿ ಹೇಳಾಕ ಬರಂಗಿಲ್ಲ."

ಮೇಡಂ ಕೊಯ್ಯುವ ಕತ್ತಿಯನ್ನು ಹಲಗೆಗೆ ನೆಟ್ಟು, "ಚಾ ಕುಡದು ಹೋಗ್ರಿ," ಅಂದರು. ಕತ್ತಿ ಬಹಳ ಹೊತ್ತು ಅಲುಗುತ್ತಿತ್ತು.

ವಿಚಾರಣೆಗೆ ಎರಡು ದಿನ ಮುಂಚೆ, ಬೆಳಿಗ್ಗೆ, ನಾನು ಮತ್ತು ಬಸು ಲ್ಯಾಬಿಗೆ ಹೋದಾಗ ಬಾಗಿಲು ಅರ್ಧ ತೆರೆದಿತ್ತು. ಚಿಲಕ ಕಿತ್ತಿತ್ತು, ಆದರೆ ಅದು ಮುಂಚಿನಿಂದಲೂ ಸಡಿಲವೇ. ಬೀರು ಮಗುಚಿ ಬಿದ್ದಿತ್ತು. ನೆಲದ ತುಂಬ ಗಾಜು, ಕೆಸರು ನೀರು, ಬಳಚಿನ ಮಾಂಸದ ಚೂರುಗಳು. ಒಂದು ಬಾಟಲಿ ಕೂಡ ಉಳಿದಿರಲಿಲ್ಲ. ನಡುವೆ ಮೇಡಂ ಸ್ಟೂಲಿನ ಮೇಲೆ ಕೂತು, ಚಿಮಟದಿಂದ ಅಂಗೈಯೊಳಗಿನ ಗಾಜು ತೆಗೆಯುತ್ತಿದ್ದರು. ರಕ್ತ ಮೊಣಕೈವರೆಗೆ ಇಳಿದು ಸೀರೆಗೆ ತೊಟ್ಟಿಕ್ಕುತ್ತಿತ್ತು.

"ಯಾರ್ರೀ ಮೇಡಂ?" ಎಂದು ಬಸು ಕೇಳಿದ.

"ಒಡದೈತಿ," ಅಂದರು. ಯಾರು ಎಂದು ಹೇಳಲಿಲ್ಲ.

ಕರಡಿಗೆ ಅವರ ಬೆನ್ನ ಮೇಲಿತ್ತು.

ಇದನ್ನು ನಾನು ನೋಡಿದೆ ಎಂದು ನಂಬಿದ್ದೇನೆ. ಬಗ್ಗಿ ಕೂತಿದ್ದರು, ಸೆರಗು ಸರಿದಿತ್ತು, ರವಿಕೆಯ ಮೇಲೆ ಬೆಳ್ಳಿ ಹೊಳೆಯುತ್ತಿತ್ತು. ಬಳಚಿನ ಮಾಂಸ ಬಾಚಲು ಹೋಗಿ ಕೈಗೆ ಗಾಜು ಚುಚ್ಚಿಸಿಕೊಂಡಿದ್ದರೆ ಅದಕ್ಕೂ ಕರಡಿಗೆ ಬೆನ್ನಿಗೆ ಹೋಗಲೇಬೇಕು. ಬಾಟಲಿ ಒಡೆಯುವ ಮುಂಚೆ ಸರಿಸಿದ್ದರೂ ಅಲ್ಲಿಯೇ ಇರಬೇಕು. ಬಸುವನ್ನು ಕೇಳಿದರೆ ಅವನು ಕರಡಿಗೆಯನ್ನೇ ನೋಡಿಲ್ಲ. ನೆಲದ ಮೇಲಿನ ಮಾಂಸ ನೋಡಿ ಅವನು ಮತ್ತೆ ನಳದ ಕಡೆ ಓಡಿದ್ದ.

ಮಧ್ಯಾಹ್ನದೊಳಗೆ ಕಾಲೇಜು ಬೀದಿಗಿಳಿಯಿತು. ಯಾರು ಒಡೆದರು ಎಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಅಧ್ಯಕ್ಷರ ಕಾರಿಗೆ ಬೆಂಕಿ ಬಿತ್ತು. ಬಸ್‌ಸ್ಟ್ಯಾಂಡಿನ ಬಳಿ ಪೊಲೀಸರು ಲಾಠಿ ಬೀಸಿದರು, ಒಬ್ಬ ಹುಡುಗನ ದವಡೆ ಒಡೆಯಿತು. ಲಾರಿಗಳ ಗಾಜುಗಳು ಸಾಲಾಗಿ ಹೋದವು. ಪೊಲೀಸರು ದೂರು ಕೇಳಲು ಬಂದಾಗ ಮೇಡಂ ಬರೆದುಕೊಡಲಿಲ್ಲ. ಹೆದರಿಸಿದ್ದಾರೆ, ಅದಕ್ಕೇ ಎಂದು ಜನ ಇನ್ನಷ್ಟು ಕೆರಳಿದರು.

ಸಂಜೆ ಮೇಡಂ ನಮ್ಮಿಬ್ಬರನ್ನು ಕರೆದು ಗಾಜಿನ ಚೂರುಗಳನ್ನು ಒಂದು ಅಕ್ಕಿಚೀಲಕ್ಕೆ ತುಂಬಿಸಿದರು. ಧಾರವಾಡದ ಹಾಳೆಯನ್ನು ಪೂರ್ತಿಯಾಗಿ, ಕೊನೆಯ ಸಾಲಿನ ಸಮೇತ, ಮಡಚಿ ನನ್ನ ಜೇಬಿಗಿಟ್ಟರು. ಎರಡೂ ಕೈಗೆ ಬ್ಯಾಂಡೇಜು ಇತ್ತು, ವಿಚಾರಣೆಗೆ ನಮ್ಮಿಬ್ಬರನ್ನೇ ಕಳಿಸಿದರು.

"ಕಾಗದ ಕೇಳಿದ್ರ ಕೊಡ್ರಿ. ಕೇಳಿದ್ದಕ್ಕ ಇದ್ದಂಗ ಹೇಳ್ರಿ. ಒಂದು ಹೆಚ್ಚಿಲ್ಲ, ಒಂದು ಕಮ್ಮಿಲ್ಲ," ಅಂದರು.

ವಿಚಾರಣೆಯ ಕೋಣೆಯಲ್ಲಿ ಆ ಮುದುಕಿ ಚೀಲವನ್ನು ನನ್ನ ಕೈಯಿಂದ ಕಿತ್ತುಕೊಂಡು ಅಧಿಕಾರಿಯ ಮೇಜಿನ ಮೇಲೆ ಸುರಿದಳು. ಗಾಜು ಚೆಲ್ಲಾಡಿತು, ಯಾರದ್ದೋ ಬೆರಳು ಕೊಯ್ಯಿತು. ನಮ್ಮ ಬಾಟಲಿ ಒಡೆಸಿದರು ಎಂದು ಹೆಂಗಸರು ಕೂಗಿಕೊಂಡು ಒಳಗೆ ನುಗ್ಗಿದರು. ಕುರ್ಚಿಗಳು ಹಾರಿದವು, ಕಂಪನಿಯ ವಕೀಲ ಮೇಜಿನಡಿ ಸೇರಿದ. ಹಾಳೆ ನನ್ನ ಜೇಬಿನಲ್ಲೇ ಇತ್ತು. ಯಾರೂ ಕೇಳಲಿಲ್ಲ. ಕೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಹೊಸ ರಾಶಿಗೆ ಜಾಗ ಕೊಡುವುದನ್ನು ಮುಂದೂಡಲಾಗಿದೆ ಎಂದು ಅಧಿಕಾರಿ ಕಿಟಕಿಯ ಬಳಿ ನಿಂತು ಹೇಳಿದರು. ಮುಂದಿನ ದಿನ ಮಳೆ ಹಿಡಿಯಿತು.

ಬಾಟಲಿಗಳು ಉಳಿದಿದ್ದರೆ ಕಂಪನಿಯವರು ಅವನ್ನು ಪರೀಕ್ಷೆಗೆ ಕೇಳುತ್ತಿದ್ದರು, ಖಾಲಿ ಬಾಟಲಿಯ ಧೂಳು ಹೊರಬೀಳುತ್ತಿತ್ತು, ಹೆಂಗಸರು ಸೋಲುತ್ತಿದ್ದರು. ಒಡೆದದ್ದರಿಂದ ಗೆದ್ದರು. ಅಧ್ಯಕ್ಷರ ಆಳುಗಳು ಒಡೆದಿದ್ದರೆ ತಮ್ಮ ಕಾಲಿಗೆ ತಾವೇ ಕಲ್ಲು ಹಾಕಿಕೊಂಡರು. ಮೇಡಂ ಒಡೆದಿದ್ದರೆ, ಸುಳ್ಳು ಹೇಳಲಾರದೆ, ಮಾತು ತಪ್ಪಲಾರದೆ, ತಮಗೆ ಬರುತ್ತಿದ್ದ ಒಂದೇ ರೀತಿಯಲ್ಲಿ ದಾರಿ ಮಾಡಿಕೊಂಡರು. ಎರಡೂ ಕತೆಗಳು ಸರಿಯಾಗಿ ಕೂತುಕೊಳ್ಳುತ್ತವೆ. ಇಷ್ಟು ಸರಿಯಾಗಿ ಕೂತುಕೊಳ್ಳುವ ಕತೆಗಳನ್ನು ಕಂಡರೆ ನನಗೆ ಹೆದರಿಕೆ.

ಆ ವರ್ಷವೇ ಅವರು ಕೆಲಸ ಬಿಟ್ಟು ಕಂಪ್ಲಿಗೆ ಹೋದರು. ಮುಂದೆ ಗಣಿಗಳೂ ನಿಂತವು, ಅಣ್ಣನ ಲಾರಿಯ ಚಕ್ರಗಳ ನಡುವೆ ಹುಲ್ಲು ಬೆಳೆಯಿತು. ಒಮ್ಮೆ ಮಾತ್ರ ನಾನು ಗಿರಣಿಗೆ ಹೋದೆ. ಮೇಡಂ ಅಂಗಳದಲ್ಲಿ ಒಣಹಾಕಿದ ಭತ್ತವನ್ನು ಬರಿಗಾಲಲ್ಲಿ ತಿರುವುತ್ತಿದ್ದರು. ಕೂದಲು ಬೆಳ್ಳಗಾಗಿತ್ತು. ಕುಂದ್ರಿಸಿ, ಚಹಾ ತರಿಸಿ, ಕೆಲಸ, ಮದುವೆ ಎಲ್ಲ ವಿಚಾರಿಸಿದರು. ಬಾಟಲಿಯ ಮಾತು ನಾನು ತೆಗೆದೆ. ಅಷ್ಟರಲ್ಲಿ ಚೀಲಗಳ ಹಿಂದಿನಿಂದ ಒಂದು ಹೆಗ್ಗಣ ಓಡಿಬಂತು. ಮೇಡಂ ಕೈ ತಟ್ಟನೆ ಭುಜದ ಕಡೆ ಹೋಯಿತು, ಕರಡಿಗೆ ಬೆನ್ನಿಗೆ ಸರಿಯಿತು. ಕೈಗೆ ಸಿಕ್ಕ ಸಲಿಕೆಯಿಂದ ಅದರ ಬೆನ್ನು ಮುರಿದರು. ಅದು ಚೀರುತ್ತ ಮುಂಗಾಲಿನಲ್ಲಿ ಎಳೆದುಕೊಂಡು ಹೋಗುತ್ತಿತ್ತು, ಮತ್ತೆ ಹೊಡೆದರು, ಸುಮ್ಮನಾಗುವವರೆಗೆ. ಉಸಿರು ಬಿಡುತ್ತ ನನ್ನ ಕಡೆ ನೋಡಿ ಕೇಳಿದರು:

"ಏನೋ ಕೇಳಾಕತ್ತಿದ್ದಿ?"

"ಏನಿಲ್ರೀ ಮೇಡಂ," ಅಂದೆ.

ಅವರು ನಕ್ಕರು. ತಾರಸಿಯ ಮೇಲೆ ಬಾಟಲಿ ಹಿಡಿದು ನಕ್ಕ ಹಾಗೆ. ಅಥವಾ ಆ ಎರಡು ನಗೆಗಳನ್ನು ಮಡಚಿ ಒಂದು ಮಾಡಿದವನು ನಾನು.

ಹೋದ ತಿಂಗಳು ಮೇಡಂ ಮಣ್ಣಿಗೆ ಹೋಗಿದ್ದೆ. ನಮ್ಮ ಕಡೆ ಲಿಂಗ ಕಟ್ಟಿದವರನ್ನು ಸುಡುವುದಿಲ್ಲ, ಕೂರಿಸಿ ಹೂಳುತ್ತಾರೆ. ಕುಣಿಯೊಳಗೆ ಅವರನ್ನು ಕೂರಿಸಿದರು. ಅಯ್ಯನವರು ಕರಡಿಗೆ ಬಿಚ್ಚಿ ಲಿಂಗವನ್ನು ಹೊರಗೆ ತೆಗೆದರು. ಅಷ್ಟು ವರ್ಷ ಆ ಬೆಳ್ಳಿಯನ್ನೇ ನೋಡಿದ್ದ ನಾನು ಒಳಗಿದ್ದದ್ದನ್ನು ನೋಡಿದ್ದು ಆಗಲೇ. ಎಡಗೈಯನ್ನು ಬಿಡಿಸಿ ಅಂಗೈಯಲ್ಲಿ ಲಿಂಗ ಇಟ್ಟರು. ಅಂಗೈಯ ಗಾಯದ ಗೆರೆಗಳು ಹೇಗಿವೆ ಎಂದು ನೋಡಲು ನಾನು ಕುಣಿಯ ಅಂಚಿಗೆ ಬಗ್ಗಿದೆ. ಬಾಟಲಿಯನ್ನು ಬಿಗಿಯಾಗಿ ಹಿಡಿದು ಒಡೆದ ಗಾಯವೇ ಬೇರೆ, ಬಿದ್ದ ಚೂರು ಬಾಚಿದ ಗಾಯವೇ ಬೇರೆ ಎಂದು ಅವರೇ ಕಲಿಸಿದ ಕಣ್ಣು ಹೇಳುತ್ತಿತ್ತು. ಆದರೆ ಅಂಗೈಗೆ ವಿಭೂತಿ ದಪ್ಪವಾಗಿ ಬಳಿದಿದ್ದರು, ಗೆರೆ ಒಂದೂ ಕಾಣಲಿಲ್ಲ. ಹಿಂದೆ ಸರಿ ಎಂದು ಯಾರೋ ನನ್ನ ಭುಜ ಹಿಡಿದು ಎಳೆದರು. ಮಣ್ಣು ಬಿತ್ತು.

ಬಾಟಲಿಗಳನ್ನು ಒಡೆದವರು ಯಾರೋ ನನಗೆ ಗೊತ್ತಿಲ್ಲ. ಅವತ್ತು ಕರಡಿಗೆ ಬೆನ್ನ ಮೇಲಿತ್ತು ಎಂಬುದೂ, ಈಗ ಬರೆದು ಮುಗಿಸುವ ಹೊತ್ತಿಗೆ, ಗೊತ್ತಿಲ್ಲ.